ಹತ್ತು ವರ್ಷದ ಜಪಾನ್ ಕ್ಲಾಸು, ಇಬ್ಬರು ಮಂಜುನಾಥರು

ಜಪಾನ್ ದೇಶದ ಬಗ್ಗೆ ನಾನು ಪಾಠ ಮಾಡುವ ಕ್ಲಾಸಿಗೆ ಮೊನ್ನೆ ಶನಿವಾರ ಹತ್ತು ವರ್ಷ ತುಂಬಿತು. ಹಳೆಯ ವಿದ್ಯಾರ್ಥಿಗಳು ಸೇರಿ ಸಣ್ಣ ಕಾರ್ಯಕ್ರಮ ಮಾಡಿದರು. ಮೈಕ್ ಕೈಗೆ ಕೊಟ್ಟಾಗ ಗಂಟಲು ಕಟ್ಟಿತು. 'ಸುಮಿಮಾಸೆನ್' ಅಂತ ಒಂದೇ ಮಾತು ಹೇಳಿ ಕೂತೆ. ಜಪಾನೀಯರು ಕ್ಷಮೆ ಕೇಳುವಾಗಲೂ ಉಪಕಾರ ನೆನೆಯುವಾಗಲೂ ಹೇಳುವ ಮಾತು ಅದು. ಮೂಲದಲ್ಲಿ 'ಇದು ತೀರುವುದಿಲ್ಲ' ಅಂತ ಅರ್ಥ. ನಮ್ಮ ಋಣದ ಲೆಕ್ಕದ ಹಾಗೆಯೇ. ಯಾರ್ಯಾರ ಋಣ ಅಂತ ಈಗ ಬರೆಯುತ್ತೇನೆ.

ಮೊದಲು ಮೊದಲ ಬ್ಯಾಚಿನ ಹಿಂದಿನ ಬೆಂಚಿನ ಹುಡುಗಿಗೆ. ಆಗ ನನ್ನ ಪಾಠದಲ್ಲಿ ಇದ್ದದ್ದು ಚೆರ್ರಿ ಹೂವು, ಬುಲೆಟ್ ರೈಲು, ಶಿಸ್ತು. ಅಲ್ಲಿನ ಶಾಲೆಗಳಲ್ಲಿ ಮಕ್ಕಳೇ ಕ್ಲಾಸ್‌ರೂಮ್ ಗುಡಿಸಿ ಒರೆಸುತ್ತಾರೆ ಅಂತ ಕಣ್ಣರಳಿಸಿ ಹೇಳಿದೆ. ಅವಳು, "ನಮ್ಮೂರ ಸ್ಕೂಲಲ್ಲೂ ನಾವೇ ಗುಡಿಸ್ತಿದ್ವಿ ಮೇಡಂ, ಇದ್ರಲ್ಲೇನಿದೆ?" ಅಂದಳು. ಉತ್ತರ ಹೊಳೆಯಲಿಲ್ಲ. ಜಪಾನನ್ನು ಸುಮ್ನೆ ಹೊಗಳುವುದು ಬಿಟ್ಟು, ಅಲ್ಲಿನ ಜಗಳಗಳನ್ನೂ ಓದಲು ಶುರು ಮಾಡಿದ್ದು ಆಮೇಲೆ. ಗಂಡ ಹೆಂಡತಿಗೆ ಒಂದೇ ಮನೆತನದ ಹೆಸರು ಇರಬೇಕು ಅನ್ನುವ ಕಾನೂನು ಅಂಥದ್ದು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೆಸರು ಬಿಡುವವರು ಹೆಚ್ಚಾಗಿ ಹೆಂಡತಿಯರೇ. ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ನಮ್ಮ ಹುಡುಗಿಯರು ಇದರ ಮೇಲೆ ಎರಡು ಪೀರಿಯಡ್ ಜಗಳವಾಡಿದರು.

ಆಮೇಲೆ ಇಬ್ಬರು ಮಂಜುನಾಥರಿಗೆ. ಜಪಾನ್ ಸಂಸತ್ತಿನ ಕೆಳಮನೆಯಲ್ಲಿ 465 ಸೀಟು, ಮೇಲ್ಮನೆಯಲ್ಲಿ 248 ಅಂತ ಬೋರ್ಡಿನ ಮೇಲೆ ಬರೆದರೆ ಎಲ್ಲರೂ ಆಕಳಿಸುತ್ತಿದ್ದರು. ಅದಕ್ಕೆ ಕ್ಲಾಸಿನಲ್ಲೇ ಚುನಾವಣೆ ಮಾಡಿದೆವು. ಅಲ್ಲಿ ಬಟನ್ ಒತ್ತುವುದಿಲ್ಲ, ಚೀಟಿಯ ಮೇಲೆ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ನಿಂತವರಲ್ಲಿ ಕೆ. ಮಂಜುನಾಥ, ಎಸ್. ಮಂಜುನಾಥ ಇಬ್ಬರೂ ಇದ್ದರು. ನಾಲ್ಕು ಚೀಟಿಯಲ್ಲಿ ಬರೀ 'ಮಂಜುನಾಥ'! ನಮ್ಮಲ್ಲಾದರೆ ಅಲ್ಲೇ ಗಲಾಟೆ, ಅಲ್ವಾ? ಜಪಾನ್ ಕಾನೂನಿನಲ್ಲಿ ಇದಕ್ಕೆ ಲೆಕ್ಕ ಇದೆ. ಇಬ್ಬರಿಗೂ ಖಚಿತವಾಗಿ ಬಿದ್ದ ಮತಗಳ ಪ್ರಮಾಣದಲ್ಲಿ ಆ ಚೀಟಿಗಳನ್ನು ಹಂಚುತ್ತಾರೆ. ಒಬ್ಬನಿಗೆ ಹನ್ನೊಂದು, ಇನ್ನೊಬ್ಬನಿಗೆ ಏಳು ಖಚಿತ ಮತ ಇದ್ದವು. ಹಂಚಿದ ಮೇಲೆ 13.444 ಮತ್ತು 8.555. ಸೋತ ಮಂಜುನಾಥ ಇವತ್ತಿಗೂ ಎಂಟೂವರೆ ಅಂತಲೇ ಹೆಸರುವಾಸಿ. ಆ ವರ್ಷ ಪರೀಕ್ಷೆಯಲ್ಲಿ ಚುನಾವಣೆಯ ಪ್ರಶ್ನೆಯನ್ನು ಯಾರೂ ಬಿಡಲಿಲ್ಲ.

2020ರ ಬ್ಯಾಚಿನ ಏಳು ಜನಕ್ಕೂ. ಇಷ್ಟೇ ಮಕ್ಕಳಿದ್ದರೆ ಈ ಪೇಪರ್ ನಿಲ್ಲಿಸೋಣ ಅಂತ ಮೇಲಿನವರು ಹೇಳಿದಾಗ ನಾನು ಹೂಂ ಅಂದುಬಿಟ್ಟಿದ್ದೆ. ಆ ಏಳೂ ಜನ ನನಗೆ ಗೊತ್ತಿಲ್ಲದ ಹಾಗೆ ಅರ್ಜಿ ಬರೆದು ಕೊಟ್ಟಿದ್ದರು. ಅವರಲ್ಲೊಬ್ಬಳು ಈಗ ಜಪಾನಿನ ನಗೋಯಾದಲ್ಲಿದ್ದಾಳೆ. ಶನಿವಾರ ವಿಡಿಯೋ ಕಾಲ್‌ನಲ್ಲಿ ಬಂದು ನನ್ನ ಉಚ್ಚಾರಣೆ ತಿದ್ದಿದಳು.

ಕೊನೆಗೆ ನಮ್ಮ ಅಟೆಂಡರ್ ಅಣ್ಣನಿಗೆ. ಅಣ್ಣಾ, ಮತಪೆಟ್ಟಿಗೆ ಅಂತ ನಿಮ್ಮ ಮನೆಯಿಂದ ತಂದುಕೊಟ್ಟ ಚಕ್ಕುಲಿ ಡಬ್ಬ ಇನ್ನೂ ನನ್ನ ಬೀರುವಿನಲ್ಲೇ ಇದೆ. ಅತ್ತಿಗೆ ಎರಡು ಸಲ ಕೇಳಿದರಂತೆ. ಸೋಮವಾರ ತರುತ್ತೇನೆ. ಮುಚ್ಚಳಕ್ಕೆ ಮಾತ್ರ ತೂತು ಕೊರೆದುಬಿಟ್ಟಿದ್ದೇವೆ.