ಇನ್ನೊಂದು ದಿನ ಜಾಸ್ತಿ ಇಟ್ಟುಕೊಂಡು ಬಾ

ಪ್ರೀತಿಯ ಗೆಳೆಯ,

ಹೋದ ತಿಂಗಳು ನೀನು ಬಂದು ಹೋದಾಗಿನಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ನೀನು ರಾತ್ರಿ ಹಾಸನದಲ್ಲಿ ಮಲಗಿದೆ, ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಬಸ್ಸು ಹತ್ತಿದೆ. "ಹಾಸನದಲ್ಲಿ ನೋಡೋಕೆ ಏನಿದೆ?" ಅಂದೆ. ಬೇಜಾರಾಯಿತು ಕಣೋ. ಆದರೆ ತಪ್ಪು ನಿನ್ನದಲ್ಲ, ನಾವೆಲ್ಲ ಊರು ನೋಡುವುದನ್ನು ಕಲಿತದ್ದೇ ಹಾಗೆ.

1836ರಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ಮರ್ರೆ ಪ್ರವಾಸಿಗಳಿಗೆ ಕೈಪಿಡಿ ತಂದ. ಜರ್ಮನಿಯ ಪ್ರಕಾಶಕ ಬೇಡೆಕರ್ ತನ್ನ ಕೈಪಿಡಿಗಳಲ್ಲಿ ನೋಡಲೇಬೇಕಾದ ಜಾಗಕ್ಕೆ ನಕ್ಷತ್ರ ಹಾಕಿದ. ನಕ್ಷತ್ರ ಇದ್ದಲ್ಲಿ ಜನ ಇಳಿದರು, ಇಲ್ಲದ ಊರು ಬರೀ ಊಟ ನಿದ್ದೆಗೆ ಅಂತಾಯಿತು.

ಹಳೇಬೀಡನ್ನು ಇಂಗ್ಲಿಷ್ ಓದುಗರ ಮುಂದೆ ಎತ್ತಿ ಹಿಡಿದವನು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್. 1876ರ ತನ್ನ ವಾಸ್ತುಶಿಲ್ಪದ ಪುಸ್ತಕದಲ್ಲಿ ಹೊಯ್ಸಳೇಶ್ವರ ಗುಡಿಯನ್ನು ಅಥೆನ್ಸಿನ ಹಳೇ ಗ್ರೀಕ್ ಗುಡಿ ಪಾರ್ಥೆನಾನ್ ಪಕ್ಕದಲ್ಲಿಟ್ಟು ತೂಗಿದ, ಗೋಡೆಯ ಕೆಳಗಿನ ಸಾಲಿನಲ್ಲಿ 710 ಅಡಿ ಉದ್ದಕ್ಕೂ 2000ಕ್ಕೆ ಕಡಿಮೆಯಿಲ್ಲದಷ್ಟು ಆನೆಗಳಿವೆ ಅಂತ ಬರೆದ. ಅವನು ಹೊಗಳಿದ್ದು ಸುಳ್ಳಲ್ಲ. ನೀನೂ ಆ ಆನೆಗಳ ಮುಂದೆ ಎಷ್ಟು ಹೊತ್ತು ನಿಂತಿದ್ದೆ ನೆನಪಿದೆಯಾ? ಆದರೆ ಅಲ್ಲೇ ಹತ್ತಿರದ ಬಸ್ತಿಹಳ್ಳಿಗೆ ನೀನು ಹೋಗಲೇ ಇಲ್ಲ. ಅಲ್ಲಿ ಪಾರ್ಶ್ವನಾಥ ಬಸದಿಯ ಕರಿಕಲ್ಲಿನ ಕಂಬಗಳನ್ನು ಎಷ್ಟು ನುಣ್ಣಗೆ ತಿಕ್ಕಿದ್ದಾರೆಂದರೆ ಎದುರು ನಿಂತರೆ ನಿನ್ನ ಮುಖ ಕಾಣುತ್ತದೆ. ನಾನು ಹೋದಾಗಲೆಲ್ಲ ಒಳಗೆ ಒಬ್ಬಿಬ್ಬರು, ಅಷ್ಟೇ.

ಇನ್ನು ಹಾಸನ. ನಾನೇ ಎಷ್ಟೋ ವರ್ಷ ನೆಂಟರಿಗೆ "ನಮ್ಮೂರಲ್ಲಿ ಏನೂ ಇಲ್ಲ, ಬೇಲೂರಿಗೆ ಹೋಗಿ" ಅಂತ ಹೇಳಿ ಕಳಿಸಿದ್ದೇನೆ, ಈಗ ಅದು ನೆನಪಾದರೆ ಸಂಕಟವಾಗುತ್ತದೆ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಬಾಗಿಲು ತೆರೆಯುವ ಹಾಸನಾಂಬೆ ನಿನಗೆ ಗೊತ್ತು. ಆಗ ಬರಬೇಡ, ಸಾಲು ಜಾಸ್ತಿ. ಮೇ ತಿಂಗಳಲ್ಲಿ ಬಾ. ಎಪಿಎಂಸಿ ಮಾರುಕಟ್ಟೆಗೆ ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಬಂದಿರುತ್ತದೆ. ರೈತರು ಮೂಟೆಗೆ ಕೈ ಹಾಕಿ ಒಂದು ಗಡ್ಡೆ ತೆಗೆದು, ಹೆಬ್ಬೆರಳಲ್ಲಿ ಮಣ್ಣು ಒರೆಸಿ, ಮೊಳಕೆ ಒಡೆಯುವ ಕಣ್ಣು ಎಷ್ಟಿವೆ ಅಂತ ನೋಡುತ್ತಾರೆ. ಕೊಯ್ದ ಒಂದೊಂದು ಹೋಳಿಗೂ ಕಣ್ಣು ಇರಬೇಕಲ್ವಾ? ಮಳೆ ಬಿದ್ದ ಮೇಲೆ ಸುತ್ತಲಿನ ಹೊಲಗಳಿಗೆ ಹೋಗುವುದು ಅವೇ. ಊರಿನ ಹೋಟೆಲ್ಲು, ಅಂಗಡಿ, ಮದುವೆ, ಸಾಲ ಎಲ್ಲ ಆ ಬೆಳೆಯ ಮೇಲೆ ಎಷ್ಟು ನಿಂತಿವೆ ಅಂತ ಅಲ್ಲಿ ಅರ್ಧ ಗಂಟೆ ಸುಮ್ನೆ ನಿಂತರೆ ಗೊತ್ತಾಗುತ್ತದೆ.

ಬೆಳಿಗ್ಗೆ ಬೇಗ ಹೋಗಬೇಕು. ಹಿಂದಿನ ರಾತ್ರಿಯೇ ಬಂದುಬಿಡು, ಲಾಡ್ಜ್ ಬೇಡ, ನಮ್ಮ ಮನೆಯಲ್ಲೇ ಇರು.

ನಿನ್ನ ಗೆಳೆಯ