ಅತ್ತೆ ಇನ್ಸುಲಿನ್ ಕೊಡಲು ಕಲಿತರು, ನಾನು ಮೈಸೂರಿಗೆ ಹೋಗಿಬಂದೆ

ಕಳೆದ ಶನಿವಾರ ಮಗಳನ್ನು ಶಿವಮೊಗ್ಗದ ಮನೆಯಲ್ಲೇ ಬಿಟ್ಟು ಮೈಸೂರಿಗೆ ಹೋಗಿದ್ದೆ. ಹಾಸ್ಟೆಲ್ ದಿನಗಳ ಗೆಳತಿಯ ಮನೆಗೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆಫೀಸಿನ ಕೆಲಸವೂ ಅಲ್ಲ. ಸುಮ್ನೆ ಹೋಗಿದ್ದೆ. ಮಗಳಿಗೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾದ ಮೇಲೆ ಅವಳನ್ನು ಬಿಟ್ಟು ಒಂದು ರಾತ್ರಿಯೂ ನಾನು ಬೇರೆ ಕಡೆ ಕಳೆದಿರಲಿಲ್ಲ. ನಮ್ಮ ಮನೆಗೆ ಇದು ದೊಡ್ಡ ವಿಷಯ. ಇದನ್ನು ಸಾಧ್ಯ ಮಾಡಿದವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು ಅನ್ನಿಸಿತು.

ಈ ಕಾಯಿಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್ ಇದಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವೇ ನಾಶ ಮಾಡಿಬಿಡುತ್ತದೆ. ಸಿಹಿ ಜಾಸ್ತಿ ತಿಂದು ಬಂದಿದ್ದಲ್ಲ, ಪಥ್ಯ ಮಾಡಿದರೆ ಹೋಗುವುದೂ ಅಲ್ಲ. ಊಟಕ್ಕೆ ಮುಂಚೆ ಬೆರಳು ಚುಚ್ಚಿ ರಕ್ತದಲ್ಲಿ ಶುಗರ್ ಎಷ್ಟಿದೆ ಅಂತ ನೋಡಬೇಕು. ತಿನ್ನುವುದಕ್ಕೆ ಲೆಕ್ಕ ಹಾಕಿ ಇನ್ಸುಲಿನ್ ಕೊಡಬೇಕು. ಮಧ್ಯರಾತ್ರಿ ಎದ್ದು ಮತ್ತೆ ನೋಡಬೇಕು. ಹಾಗಾಗಿ 'ಎರಡು ದಿನ ಮಗೂನ ನೋಡ್ಕೊಳ್ತೀರಾ' ಅಂತ ಯಾರನ್ನೂ ಕೇಳುವ ಹಾಗಿರಲಿಲ್ಲ. ಇಲ್ಲಿ ಪ್ರೀತಿಯೊಂದೇ ಸಾಲದು, ಕೆಲಸ ಕಲಿತಿರಬೇಕು.

ಕಲಿತವರು ನಮ್ಮ ಅತ್ತೆ. ಮೊದಲ ಧನ್ಯವಾದ ಅವರಿಗೇ.

ಅತ್ತೆಗೆ ಸೂಜಿ ಕಂಡರೆ ಆಗದು. ತಮಗೇ ಇಂಜೆಕ್ಷನ್ ಕೊಡುವಾಗಲೂ ಆ ಕಡೆ ಮುಖ ತಿರುಗಿಸುತ್ತಾರೆ. ಅಂಥವರು ಒಂದು ದಿನ ತಾವಾಗಿಯೇ ಬಂದು, 'ನಂಗೂ ಹೇಳಿಕೊಡಮ್ಮ, ಎಷ್ಟು ದಿನ ಅಂತ ನೀನೊಬ್ಬಳೇ ಎದ್ದಿರ್ತೀಯ' ಅಂದರು. ಕ್ಲಿನಿಕ್ಕಿನ ಸಿಸ್ಟರ್ ಹೇಳಿಕೊಟ್ಟ ಹಾಗೆ ಕಿತ್ತಳೆ ಹಣ್ಣು ತಂದೆವು. ಸಿರಿಂಜಿಗೆ ನೀರು ತುಂಬಿಕೊಂಡು, ಕನ್ನಡಕ ಹಾಕಿಕೊಂಡು, ಅಡುಗೆಮನೆಯ ಕಟ್ಟೆ ಮುಂದೆ ನಿಂತು ಚುಚ್ಚಿದರು. ಮೊದಮೊದಲು ಕೈ ನಡುಗಿತು. ಬಿಡಲಿಲ್ಲ. ಆಮೇಲೆ ಇನ್ಸುಲಿನ್ ಕೊಡುವ ಪೆನ್ ಹಿಡಿಯುವುದನ್ನು ಕಲಿತರು. ಗುಂಡಿ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯಬಾರದು. ಅತ್ತೆ ಅಂಕಿ ಎಣಿಸುವುದಿಲ್ಲ, ಹತ್ತು ಸಲ ರಾಮ ರಾಮ ಅನ್ನುತ್ತಾರೆ. ಈಗ ಮಗಳೂ ಜೊತೆಗೆ ಅನ್ನುತ್ತಾಳೆ.

ಇನ್ನೊಂದು ಮಾತು ಹೇಳಲೇಬೇಕು. ಜೀವಮಾನವೆಲ್ಲ ಕೈಯಳತೆಯಲ್ಲಿ ಬಡಿಸಿದವರು ಅವರು. 'ಇನ್ನೊಂದು ಸೌಟು ಹಾಕಿಸ್ಕೋ' ಅನ್ನುವುದೇ ಅವರ ಪ್ರೀತಿ. ಮೊಮ್ಮಗಳಿಗಾಗಿ ಅನ್ನವನ್ನು ಲೋಟದಲ್ಲಿ ಅಳೆಯುವುದನ್ನು ಕಲಿತರು. ಸೂಜಿಗಿಂತ ಇದೇ ಅವರಿಗೆ ಕಷ್ಟವಾಗಿತ್ತು ಅಂತ ನನಗೆ ಗೊತ್ತು.

ಶನಿವಾರ ಸಂಜೆ ನಾನು ದೇವರಾಜ ಮಾರುಕಟ್ಟೆಯಲ್ಲಿದ್ದೆ. ಹೂವಿನ ಸಾಲಿನಲ್ಲಿ ಗೆಳತಿ ಮಲ್ಲಿಗೆಗೆ ಚೌಕಾಸಿ ಮಾಡುತ್ತಿದ್ದಳು. ಅದೇ ಹೊತ್ತಿಗೆ ಇಲ್ಲಿ ಮಗಳು ಲಗೋರಿ ಆಡಿ ಬಂದು ಸುಸ್ತು ಅಂತ ಕೂತಿದ್ದಾಳೆ. ಹಣೆಯಲ್ಲಿ ಬೆವರು, ಕೈ ನಡುಕ. ಅತ್ತೆ ತಕ್ಷಣ ಬೆರಳು ಚುಚ್ಚಿ ನೋಡಿದರು. 64. ಎಪ್ಪತ್ತಕ್ಕಿಂತ ಕಡಿಮೆ ಅಂದರೆ ತಡ ಮಾಡುವ ಹಾಗಿಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕಾದು ಮತ್ತೆ ಚುಚ್ಚಿದರು. 98. ನನ್ನ ಗಂಡನಿಗೆ ಅವತ್ತು ಡ್ಯೂಟಿ ಇತ್ತು, ಇನ್ನೂ ಮನೆಗೆ ಬಂದಿರಲಿಲ್ಲ. ಕೆಳಗಿನ ಮನೆಯ ಅಂಕಲ್ ಕಾರು ತೆಗೆದು ಗೇಟಿನ ಹೊರಗೆ ನಿಲ್ಲಿಸಿ, ಕೀಲಿ ಕೈಯಲ್ಲೇ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರಂತೆ. ಅಂಕಲ್, ಕಾರು ಬೇಕಾಗಲಿಲ್ಲ. ಆದರೆ ನೀವು ಹಾಗೆ ಕೂತಿದ್ದಿರಲ್ಲ, ಅದನ್ನು ನಾನು ಮರೆಯುವುದಿಲ್ಲ.

ಎಲ್ಲ ಸರಿಯಾದ ಮೇಲೆ ಅತ್ತೆ ಫೋನ್ ಮಾಡಿದರು. 'ಇಳಿದಿತ್ತು, ಸಕ್ಕರೆ ಕೊಟ್ಟೆ, ಈಗ ಸರಿಯಾಗಿದೆ. ನೀನು ವಾಪಸ್ ಹೊರಡಬೇಡ' ಅಂದರು. ಮಾರುಕಟ್ಟೆ ನಡುವೆ ನಿಂತು ಅತ್ತುಬಿಟ್ಟೆ. ಹೆದರಿಕೆಯಿಂದ ಅಲ್ಲ. ಇಷ್ಟು ದಿನ ನನ್ನೊಬ್ಬಳ ತಲೆಯಲ್ಲಿದ್ದ ಭಾರ ಇನ್ನೊಬ್ಬರ ತಲೆಯಲ್ಲೂ ಇದೆ ಅಂತ ಗೊತ್ತಾಯಿತಲ್ಲ, ಅದಕ್ಕೆ. ಇಂಥ ಮಕ್ಕಳಿರುವ ಮನೆಯ ಅಜ್ಜಿ, ತಾತ, ಚಿಕ್ಕಮ್ಮ, ಮಾವಂದಿರೇ, ದಯವಿಟ್ಟು ಕಲಿಯಿರಿ. ಆ ತಾಯಿಗೆ ಏನು ಕೊಟ್ಟಂತಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಗಂಡನಿಗೂ ಧನ್ಯವಾದ. ರಾತ್ರಿ ಎರಡು ಗಂಟೆಯ ಸರದಿ ಅವರದಾಗಿತ್ತು. ಬೆಳಿಗ್ಗೆ ನನ್ನ ಫೋನಿಗೆ ಶುಗರ್ ಬರೆದಿಡುವ ಪುಸ್ತಕದ ಪುಟದ ಫೋಟೋ ಬಂದಿತ್ತು. 'ರಾತ್ರಿ 2 ಗಂಟೆ, 121, ಮಲಗಿದ್ದಾಳೆ.' ಅಷ್ಟೇ. ಅಷ್ಟೇ ಬೇಕಾಗಿತ್ತು.

ಈಗ ಗೆಳತಿಯ ವಿಷಯ. ಅಯ್ಯೋ ಪಾಪ ಅಂತ ಅವಳು ಒಂದು ಸಲವೂ ಅನ್ನಲಿಲ್ಲ. ರಾತ್ರಿ ನನ್ನ ಫೋನ್ ತಗೊಂಡು ತನ್ನ ದಿಂಬಿನ ಪಕ್ಕ ಇಟ್ಟುಕೊಂಡಳು. 'ಬಂದರೆ ನಾನೇ ಎತ್ತಿ ನಿನ್ನ ಎಬ್ಬಿಸ್ತೀನಿ, ನೀನು ಮಲಕ್ಕೋ' ಅಂದಳು. ಮಲಗಿದೆ. ಮಧ್ಯದಲ್ಲಿ ಎಚ್ಚರವೇ ಆಗಲಿಲ್ಲ. ಅಲಾರಂ ಇಲ್ಲದೆ ಬೆಳಗಾಗುವುದು ಹೇಗಿರುತ್ತದೆ ಅಂತ ಮರೆತೇ ಹೋಗಿತ್ತು.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿದೆವು. ಮಾನಸಗಂಗೋತ್ರಿಯಲ್ಲಿ ಓದುವಾಗ ನಾವಿಬ್ಬರೂ ದಿನಾ ಹೋಗುತ್ತಿದ್ದ ಜಾಗ. ನಮ್ಮ ಜಿಲ್ಲೆಯ ಕುವೆಂಪು ಓಡಾಡಿದ ಕೆರೆ ಅಂತ ಆಗಲೂ ನನಗೆ ಹೆಮ್ಮೆ, ಈಗಲೂ ಹೆಮ್ಮೆ. ಹೆಜ್ಜಾರ್ಲೆಗಳು ನೀರಿನ ಮೇಲೆ ಸಾಲಾಗಿ ತೇಲುತ್ತಿದ್ದವು. ಆಮೇಲೆ ಮೈಲಾರಿ ದೋಸೆ. ಬಿಸಿ ದೋಸೆ, ಮೇಲೆ ಬೆಣ್ಣೆ. ತಟ್ಟೆಯಲ್ಲಿರುವುದು ಎಷ್ಟು ಗ್ರಾಂ ಅಂತ ಲೆಕ್ಕ ಹಾಕದೆ ತಿಂದೆ. ಸಂಜೆ ಏಳಕ್ಕೆ ಅರಮನೆ ಮುಂದೆ ನಿಂತಿದ್ದೆವು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಸುತ್ತ ಇದ್ದ ಮಕ್ಕಳೆಲ್ಲ ಹೋ ಅಂದರು. ನಾನೂ ಅಂದೆ. ಅಲ್ಲಿಂದಲೇ ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. 'ಅಮ್ಮ, ಇನ್ನೊಂದಿನ ಇದ್ದು ಬಾ, ಅಜ್ಜಿ ನೋವಾಗದ ಹಾಗೆ ಕೊಡ್ತಾರೆ' ಅಂದಳು. ಅತ್ತೆ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಎಂದೂ ಕಾಣದವರಿಗೂ ನಾನು ಋಣಿ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಕಂಡುಹಿಡಿದ ತಂಡದಲ್ಲಿದ್ದ ಫ್ರೆಡೆರಿಕ್ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14ರಂದು. ನಮ್ಮಲ್ಲಿ ಅದು ಮಕ್ಕಳ ದಿನಾಚರಣೆ. ಅವತ್ತು ಮಗಳ ಕ್ಲಾಸ್ ಟೀಚರ್ ತರಗತಿಯಲ್ಲಿ ಈ ಕಾಯಿಲೆಯ ಬಗ್ಗೆ ಹೇಳಿ, ಬೆರಳು ಚುಚ್ಚುವುದನ್ನು ಮಕ್ಕಳು ವಿಚಿತ್ರವಾಗಿ ನೋಡದ ಹಾಗೆ ಮಾಡಿದರು. ಅವಳ ಡೆಸ್ಕಿನಲ್ಲಿ ಗ್ಲೂಕೋಸ್ ಡಬ್ಬಿ ಇಟ್ಟವರೂ ಅವರೇ. ಮಿಸ್, ನಿಮಗೂ ಧನ್ಯವಾದ.

ಗೆಳತಿ, ಇನ್ನು ನಿನ್ನ ಸರದಿ ಕಣೆ. ಬೇಸಿಗೆ ರಜಕ್ಕೆ ನಿನ್ನ ಮಕ್ಕಳನ್ನು ಕರೆದುಕೊಂಡು ಬಾ. ಇಬ್ಬರನ್ನೂ ನಮ್ಮ ಮನೆಯಲ್ಲಿ ಬಿಡು. ಸಕ್ರೆಬೈಲಿಗೆ ಕರೆದುಕೊಂಡು ಹೋಗಿ ಆನೆ ಸ್ನಾನ ತೋರಿಸುವುದು ನನ್ನ ಜವಾಬ್ದಾರಿ. ನೀನು ಜೋಗಕ್ಕೋ ಆಗುಂಬೆಗೋ, ಎಲ್ಲಿಗಾದರೂ ಹೋಗು. ಫೋನ್ ನನ್ನ ಕೈಗೆ ಕೊಟ್ಟು ಹೋಗು.