ಮಗಳೇ, ನಿನ್ನ ಜನನ ಪ್ರಮಾಣಪತ್ರ ಸುಳ್ಳಲ್ಲ

ಪುಟ್ಟಿ,

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅರ್ಧಂಬರ್ಧ ಹೇಳಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆತ್ತವಳು ಬೇರೆ ಅಂತ ಗೊತ್ತಿದ್ದೂ ತಾಯಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಯಾಕೆ ಬರೆದಿದ್ದಾರೆ, ಅದು ಸುಳ್ಳಲ್ವಾ ಅಂದೆ. ಅಲ್ಲ ಕಂದಾ. ಯಾರು ಹೆತ್ತರು ಅನ್ನುವುದನ್ನು ಆ ಪತ್ರ ಹೇಳುತ್ತಿಲ್ಲ. ಕಾನೂನಿನಲ್ಲಿ ನಿನ್ನ ತಂದೆ ತಾಯಿ ಯಾರು ಅಂತ ಹೇಳುತ್ತಿದೆ.

ನಮ್ಮನ್ನು ಅಪ್ಪ ಅಮ್ಮ ಮಾಡಿದ್ದು ಆ ಪತ್ರವೂ ಅಲ್ಲ, ದತ್ತು ಆದೇಶ. ಆಗ ಅದನ್ನು ಕೋರ್ಟು ಕೊಡುತ್ತಿತ್ತು, 2022ರಿಂದ ಜಿಲ್ಲಾ ಮ್ಯಾಜಿಸ್ಟ್ರೇಟ್ ಕೊಡುತ್ತಾರೆ. ಜನನ ಪ್ರಮಾಣಪತ್ರ ಬಂದದ್ದು ಆದೇಶದ ಆಮೇಲೆ, ಅದರಲ್ಲಿದ್ದದ್ದನ್ನು ನೋಡಿಕೊಂಡು. ಸರಿಯಾಗಿ ನೋಡು, ಹುಟ್ಟಿದ ತಾರೀಖು ನಿನ್ನದೇ, ಆದರೆ ನೋಂದಣಿ ತಾರೀಖು ಅದಕ್ಕಿಂತ ಎಷ್ಟೋ ತಡ. ದತ್ತು ಅನ್ನುವ ಪದ ಎಲ್ಲೂ ಇಲ್ಲ. ಶಾಲೆಯಲ್ಲೋ ಕಚೇರಿಯಲ್ಲೋ ಕಂಡಕಂಡವರೆಲ್ಲ ಮಗುವಿನ ಕಥೆ ಕೆದಕಬಾರದು ಅಂತಲೇ ಹಾಗೆ ಮಾಡಿರುವುದು, ಅದು ಸರಿಯೇ ಅಂತ ನನಗೆ ಅನಿಸುತ್ತದೆ.

ಸುಮ್ನೆ ಸಾಕಿ ಬೆಳೆಸಿದರೆ ಇದೆಲ್ಲ ಆಗುವುದಿಲ್ಲ. ಪೋಷಕರಾಗಿ ನೋಡಿಕೊಂಡವರು ಎಷ್ಟೇ ಪ್ರೀತಿಸಿದರೂ ಪ್ರಮಾಣಪತ್ರದಲ್ಲಿ ಹೆಸರು ಬದಲಾಗುವುದಿಲ್ಲ, ಆಸ್ತಿಯಲ್ಲಿ ಮಗುವಿಗೆ ತಾನಾಗಿ ಹಕ್ಕೂ ಬರುವುದಿಲ್ಲ. ದತ್ತು ಹಾಗಲ್ಲ. ಈಗಿನ 2015ರ ಬಾಲನ್ಯಾಯ ಕಾಯ್ದೆಯ 63ನೇ ಕಲಂ ಪ್ರಕಾರ ಆದೇಶ ಜಾರಿಯಾದ ದಿನದಿಂದ ಮಗು ದತ್ತು ತಂದೆತಾಯಿಗೇ ಹುಟ್ಟಿದ ಮಗುವಿನಂತೆ, ಆಸ್ತಿಯ ವಿಷಯದಲ್ಲೂ. ನಾವು ಉಯಿಲು ಬರೆಯದೇ ಹೋದರೂ ನೀನು ನಮ್ಮ ವಾರಸುದಾರಳೇ. ಈ ವಿಷಯದಲ್ಲಿ ಯಾರ ಮಾತಿಗೂ ಹೆದರಬೇಡ, ನೆಂಟರ ಮಾತಿಗಂತೂ ಬೇಡವೇ ಬೇಡ.

ಹೆತ್ತ ಮನೆಯ ಜೊತೆಗಿನ ಕಾನೂನಿನ ಸಂಬಂಧ ಅದೇ ದಿನ ಮುಗಿಯುತ್ತದೆ. ಆದರೂ ರಕ್ತಸಂಬಂಧವನ್ನು ಕಾನೂನು ಪೂರ್ತಿ ಮರೆಯುವುದಿಲ್ಲ. 1956ರ ಹಿಂದೂ ದತ್ತು ಕಾಯ್ದೆಯಲ್ಲಿ, ಹೆತ್ತ ಮನೆಯಲ್ಲೇ ಬೆಳೆದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತು ಹೋದ ಮೇಲೂ ಆಗುವಂತಿಲ್ಲ. ಎಲ್ಲ ದೇಶದಲ್ಲೂ ನಂಟನ್ನು ಕಡಿದೇ ಬಿಡುತ್ತಾರೆ ಅಂತಲೂ ಅಲ್ಲ. ಫ್ರಾನ್ಸಿನಲ್ಲಿ ಎರಡು ಬಗೆಯ ದತ್ತು ಇದೆ, ಒಂದರಲ್ಲಿ ಹುಟ್ಟಿದ ಮನೆಯ ಸಂಬಂಧ ಹಾಗೇ ಉಳಿಯುತ್ತದೆ.

ನನಗೆ ನೋವಾಗುವುದು ಹಳೆಯ ದಾಖಲೆಯನ್ನು ಮಗುವಿಗೇ ಮುಚ್ಚಿಡುವುದರ ಬಗ್ಗೆ. ಊರವರ ಕಣ್ಣಿಗೆ ಬೀಳದಿರಲಿ ಅಂತ ಮುಚ್ಚಿದ್ದು, ಕೊನೆಗೆ ಆ ದಾಖಲೆ ಯಾರದ್ದೋ ಅವರಿಗೇ ಸಿಗದಂತಾಯಿತು. ಸ್ಕಾಟ್ಲೆಂಡಿನಲ್ಲಿ 1930ರ ಕಾನೂನಿನಲ್ಲೇ ದೊಡ್ಡವರಾದ ದತ್ತು ಮಕ್ಕಳಿಗೆ ಮೊದಲ ಜನನ ದಾಖಲೆ ನೋಡುವ ಹಕ್ಕು ಕೊಟ್ಟರು. ಇಂಗ್ಲೆಂಡಿನವರಿಗೆ ಅದು ದಕ್ಕಲು 1975ರ ಕಾನೂನೇ ಬರಬೇಕಾಯಿತು. ನ್ಯೂಯಾರ್ಕ್ ರಾಜ್ಯದಲ್ಲಿ 18 ತುಂಬಿದವರಿಗೆ ಮೂಲ ಪ್ರಮಾಣಪತ್ರ ಕೊಡಲು ಶುರು ಮಾಡಿದ್ದು 2020ರಲ್ಲಿ, ಅಷ್ಟು ಹೊತ್ತಿಗೆ ಎಷ್ಟು ಜನ ಕೇಳಿ ಕೇಳಿ ಸೋತು ಹೋಗಿರಬಹುದು ಹೇಳು. ಸಾಧ್ಯವಾದ ಮಟ್ಟಿಗೆ ತನ್ನ ತಂದೆತಾಯಿ ಯಾರೆಂದು ತಿಳಿಯುವುದು ಮಗುವಿನ ಹಕ್ಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಹೇಳುತ್ತದೆ.

ನಿನಗೂ ಹುಡುಕುವ ದಾರಿ ಇದೆ. 18 ದಾಟಿದವರು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದು, ನಮ್ಮ ಒಪ್ಪಿಗೆ ಬೇಕಿಲ್ಲ. ಆದರೆ ಹೆತ್ತವಳ ಖಾಸಗಿತನಕ್ಕೂ ಕಾನೂನಿನ ರಕ್ಷಣೆ ಇದೆ. ತನ್ನ ಗುರುತು ಹೇಳಬೇಡಿ ಅಂತ ಅವಳು ಅಂದಿದ್ದರೆ ಅವಳನ್ನು ಕೇಳದೆ ಹೇಳುವುದಿಲ್ಲ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರು.

ನೀನು ಕೇಳಿದ್ದು ನಮಗೆ ಬೇಜಾರಾಗಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡ. ಆದೇಶದ ದೃಢೀಕೃತ ಪ್ರತಿ ಬೀರುವಿನ ಮೇಲಿನ ಖಾನೆಯಲ್ಲಿದೆ, ನಿನ್ನನ್ನು ನಮಗೆ ಕೊಟ್ಟ ಸಂಸ್ಥೆಯ ಪತ್ರಗಳೂ ಅದರ ಜೊತೆಗೇ ಇವೆ. ಅರ್ಜಿಗೆ ಜೆರಾಕ್ಸ್ ಕೊಡು, ಆ ಪ್ರತಿಯನ್ನು ಮಾತ್ರ ಯಾರ ಕೈಗೂ ಬಿಟ್ಟು ಬರಬೇಡ. ಜೊತೆಗೆ ಬಾ ಅಂದರೆ ನಾನು ಬರುತ್ತೇನೆ, ಒಬ್ಬಳೇ ಹೋಗುತ್ತೇನೆ ಅಂದರೂ ಸರಿ.

ನಿನ್ನ ಅಮ್ಮ